ಪಠ್ಯಪುಸ್ತಕ ಬರೆಯಲು ಒಪ್ಪಿಕೊಂಡಿದ್ದೀರಾ? ಕೊನೆಯ ಪುಟದ ಪ್ರಶ್ನೆಯಿಂದ ಶುರು ಮಾಡಿ

ತರಗತಿಯಲ್ಲಿ ನಲವತ್ತು ನಿಮಿಷ ತಡವರಿಸದೆ ಪಾಠ ಮಾಡುವ ಮೇಷ್ಟ್ರಿಗೆ ಅದೇ ಪಾಠವನ್ನು ಪುಸ್ತಕಕ್ಕೆ ಬರೆದುಕೊಡಿ ಅಂದರೆ ತಿಂಗಳುಗಟ್ಟಲೆ ಕೈ ಓಡುವುದಿಲ್ಲ. ವಿಷಯ ಗೊತ್ತಿದೆ, ಭಾಷೆಯೂ ಬರುತ್ತದೆ. ಕಂಪ್ಯೂಟರಿನಲ್ಲಿ ಫೈಲು ತೆರೆದು, ಮೇಲೆ ‘ಅಧ್ಯಾಯ 1’ ಎಂದು ಹಾಕುತ್ತಾರೆ. ಕೆಳಗೆ ಒಂದು ವ್ಯಾಖ್ಯೆ ಬರೆಯುತ್ತಾರೆ. ಅದನ್ನೇ ನಾಲ್ಕು ಸಲ ತಿದ್ದಿ ಮುಚ್ಚಿಡುತ್ತಾರೆ. ದಸರಾ ರಜೆಯಲ್ಲಿ ಕೂತು ಮುಗಿಸೋಣ ಅಂದುಕೊಳ್ಳುತ್ತಾರೆ. ರಜೆ ಬರುತ್ತದೆ, ಹೋಗುತ್ತದೆ.

ಇದನ್ನು ಸೋಮಾರಿತನ ಅಂದುಬಿಡುವುದು ಸುಲಭ. ನಾನು ಹಾಗೆ ನೋಡುವುದಿಲ್ಲ. ತರಗತಿಯಲ್ಲಿ ಎದುರಿಗೆ ಇರುವುದು ಮಕ್ಕಳು. ಅವರ ಮುಖ ನೋಡಿಯೇ ಮುಂದಿನ ಮಾತು ಹೊಳೆಯುತ್ತದೆ. ಬರೆಯಲು ಕೂತಾಗ ಎದುರಿಗೆ ಬಂದು ಕೂರುವವರೇ ಬೇರೆ. ಪರಿಶೀಲನಾ ಸಮಿತಿಯವರು, ವಿಷಯ ತಜ್ಞರು, ಪಕ್ಕದ ಕಾಲೇಜಿನ ಪ್ರಾಧ್ಯಾಪಕರು. ಅವರೇನು ಅಂದಾರು ಎಂಬ ಅಳುಕಿನಲ್ಲಿ ಮೊದಲ ಸಾಲೇ ಬಿಗಿಯಾಗುತ್ತದೆ. ಹಾಗಾಗಿ ಬರವಣಿಗೆ ನಿಲ್ಲುತ್ತದೆ. ಹೇಗೋ ಮುಗಿದರೂ ಆ ಪುಸ್ತಕ ಮಕ್ಕಳಿಗೆ ಕಬ್ಬಿಣದ ಕಡಲೆಯೇ, ಯಾಕೆಂದರೆ ಅದನ್ನು ಮಕ್ಕಳಿಗಾಗಿ ಬರೆದೇ ಇಲ್ಲ. ತಡ ಆಗುವುದಕ್ಕೂ ಪುಸ್ತಕ ಅರ್ಥವಾಗದೆ ಇರುವುದಕ್ಕೂ ಮೂಲ ಒಂದೇ ಅಂತ ನನ್ನ ನಂಬಿಕೆ. ಅದಕ್ಕೇ ಎರಡಕ್ಕೂ ಒಂದೇ ದಾರಿ ಹಿಡಿಯಬಹುದು.

ಪ್ರೈಮರಿ, ಹೈಸ್ಕೂಲು, ಕಾಲೇಜು ಯಾವುದಕ್ಕೇ ಬರೆಯುತ್ತಿರಲಿ, ಕೆಳಗಿನ ಕ್ರಮ ಉಪಯೋಗಕ್ಕೆ ಬರುತ್ತದೆ. ಉದಾಹರಣೆಗೆ ಏಳನೇ ತರಗತಿಯ ಒಂದೇ ಪಾಠ ತೆಗೆದುಕೊಳ್ಳುತ್ತೇನೆ: ಗಿಡ ತನ್ನ ಆಹಾರವನ್ನು ಹೇಗೆ ತಯಾರಿಸುತ್ತದೆ.

ಮೊದಲು, ಒಂದು ಮಗುವನ್ನು ಮನಸ್ಸಿನಲ್ಲಿ ಕೂರಿಸಿಕೊಳ್ಳಿ

‘ವಿದ್ಯಾರ್ಥಿಗಳು’ ಅಂತ ಯಾರೂ ಇಲ್ಲ. ನಿಮ್ಮ ತರಗತಿಯ ಮೂರನೇ ಬೆಂಚಿನ ಒಬ್ಬ ಹುಡುಗಿ ಇದ್ದಾಳೆ. ತೀರಾ ಚುರುಕಲ್ಲ, ತೀರಾ ಹಿಂದೆಯೂ ಇಲ್ಲ. ಕೇಳಿದರೆ ಉತ್ತರ ಕೊಡುತ್ತಾಳೆ, ತಾನಾಗಿ ಕೈ ಎತ್ತುವುದಿಲ್ಲ. ಮನೆಯಲ್ಲಿ ಪಾಠ ಹೇಳಿಕೊಡುವವರಿಲ್ಲ, ಟ್ಯೂಷನ್ ಇಲ್ಲ. ಪುಸ್ತಕವೇ ಅವಳ ಮೇಷ್ಟ್ರು. ಅವಳ ಬಗ್ಗೆ ಒಂದು ಅರ್ಧ ಪುಟ ಬರೆದುಕೊಳ್ಳಿ. ಈ ಪಾಠಕ್ಕೆ ಬರುವ ಹೊತ್ತಿಗೆ ಅವಳಿಗೆ ಏನು ಗೊತ್ತಿದೆ? ಎಷ್ಟು ಉದ್ದದ ವಾಕ್ಯವನ್ನು ಸಲೀಸಾಗಿ ಓದುತ್ತಾಳೆ? ಎಲ್ಲಕ್ಕಿಂತ ಮುಖ್ಯವಾಗಿ, ಈ ವಿಷಯದಲ್ಲಿ ಅವಳು ಈಗಾಗಲೇ ನಂಬಿಕೊಂಡಿರುವ ತಪ್ಪು ಯಾವುದು?

ಕೊನೆಯ ಪ್ರಶ್ನೆಗೆ ಉತ್ತರ ಸಿಗಬೇಕಾದರೆ ಮಕ್ಕಳನ್ನೇ ಕೇಳಬೇಕು. ಮಾವಿನ ಓಟೆಯೊಂದನ್ನು ಕೈಯಲ್ಲಿ ಹಿಡಿದು, “ಇಷ್ಟೇ ಇಷ್ಟು ಓಟೆಯಿಂದ ಅಷ್ಟು ದೊಡ್ಡ ಮರ ಆಗುತ್ತದಲ್ಲ, ಆ ಮರದ ತೂಕ ಎಲ್ಲಿಂದ ಬಂತು?” ಅಂತ ಕೇಳಿ ನೋಡಿ. ಹೆಚ್ಚಿನವರು ಮಣ್ಣಿನಿಂದ ಅನ್ನುತ್ತಾರೆ. ಕೆಲವರು ನೀರು, ಗೊಬ್ಬರ ಅನ್ನುತ್ತಾರೆ. ಗಾಳಿಯಿಂದ ಅನ್ನುವ ಮಗು ಸಿಗುವುದು ಅಪರೂಪ. ಆದರೆ ಒಣ ಕಟ್ಟಿಗೆಯ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲ. ಅದು ಬಂದಿದ್ದು ಗಾಳಿಯಲ್ಲಿ ಕೇವಲ 0.04 ಶೇಕಡಾದಷ್ಟಿರುವ ಇಂಗಾಲದ ಡೈಆಕ್ಸೈಡಿನಿಂದ. ಮಕ್ಕಳಿಗೆ ಮಾತ್ರ ಅಲ್ಲ, ಡಿಗ್ರಿ ಮುಗಿಸಿದವರಿಗೂ ಇದು ಆಶ್ಚರ್ಯ ಹುಟ್ಟಿಸುವ ಸಂಗತಿ. ನಿಮ್ಮ ಪಾಠ ಇರಬೇಕಾದ್ದು ಈ ಜಾಗದಲ್ಲಿ, ಮಗುವಿನ ಊಹೆಗೂ ನಿಜಕ್ಕೂ ನಡುವೆ.

ಆ ಅರ್ಧ ಪುಟವನ್ನು ಬರೆಯುವ ಜಾಗದಲ್ಲಿ ಗೋಡೆಗೆ ಅಂಟಿಸಿ. ಸಮಿತಿಯವರ ನೆನಪು ಬಂದಾಗಲೆಲ್ಲ ಅದನ್ನು ಓದಿ.

ಆಮೇಲೆ, ಪ್ರಶ್ನೆಗಳನ್ನು ಬರೆಯಿರಿ

ಎಲ್ಲರೂ ಪಾಠ ಬರೆದು, ಕೊನೆಗೆ ಉಳಿದ ಸಮಯದಲ್ಲಿ ಅಭ್ಯಾಸದ ಪ್ರಶ್ನೆಗಳನ್ನು ಸೇರಿಸುತ್ತಾರೆ. ನೀವು ಉಲ್ಟಾ ಮಾಡಿ. ಪಾಠ ಓದಿ ಒಂದು ತಿಂಗಳಾದ ಮೇಲೆ ಆ ಹುಡುಗಿ ಯಾವ ಪ್ರಶ್ನೆಗೆ ಉತ್ತರ ಹೇಳಬೇಕು? ಅಂಥ ನಾಲ್ಕೈದು ಪ್ರಶ್ನೆ ಬರೆಯಿರಿ. ಗಿಡದ ಪಾಠಕ್ಕೆ ಹೀಗಿರಬಹುದು:

ಮಾವಿನ ಮರದ ಕಾಂಡದಲ್ಲಿರುವ ವಸ್ತು ಎಲ್ಲೆಲ್ಲಿಂದ ಬಂತು? ಒಂದು ಎಲೆಯ ಅರ್ಧ ಭಾಗಕ್ಕೆ ಕಪ್ಪು ಕಾಗದ ಸುತ್ತಿ ಎರಡು ದಿನ ಬಿಟ್ಟರೆ ಆ ಭಾಗದಲ್ಲಿ ಏನು ಇರುವುದಿಲ್ಲ? ಅದನ್ನು ಹೇಗೆ ತೋರಿಸುತ್ತೀ? ಎಲೆಯ ಎರಡೂ ಬದಿಗೆ ವ್ಯಾಸಲೀನ್ ಹಚ್ಚಿದರೆ ಗಿಡಕ್ಕೆ ಏನು ಸಿಗದಂತಾಗುತ್ತದೆ? ಗಿಡ ಹಗಲಲ್ಲೂ ಉಸಿರಾಡುತ್ತದೆಯೇ?

ಇಷ್ಟು ಬರೆದರೆ ಖಾಲಿ ಪುಟದ ಭಯ ಅರ್ಧ ಕಡಿಮೆಯಾಗುತ್ತದೆ. ಯಾಕೆ ಅಂದರೆ ಪ್ರಶ್ನೆ ಬರೆಯುವುದು ನಮಗೆ ದಿನನಿತ್ಯದ ಕೆಲಸ. ಯೂನಿಟ್ ಟೆಸ್ಟಿಗೆ ಪ್ರಶ್ನೆಪತ್ರಿಕೆ ತಯಾರಿಸಲು ಯಾರೂ ಸ್ಫೂರ್ತಿಗೆ ಕಾಯುವುದಿಲ್ಲ, ಅಲ್ವಾ? ಈಗ ಪ್ರತಿ ಪ್ರಶ್ನೆಯ ಕೆಳಗೆ ಅದಕ್ಕೆ ಬೇಕಾದ ಸಂಗತಿಗಳನ್ನು ಮಾತ್ರ ಗುರುತು ಹಾಕಿಕೊಳ್ಳಿ. ಅಧ್ಯಾಯದ ಅಸ್ಥಿಪಂಜರ ಸಿದ್ಧವಾಯಿತು. ಯಾವ ಪ್ರಶ್ನೆಗೂ ಬೇಡವಾದ ಸಂಗತಿ ಪಾಠಕ್ಕೂ ಬೇಡ. ಇದು ಸಿಲಬಸ್ಸಿನಲ್ಲಿದೆ, ಪ್ರಶ್ನೆ ಮಾತ್ರ ಹೊಳೆಯುತ್ತಿಲ್ಲ ಅನ್ನಿಸಿದರೆ ಪಕ್ಕದ ಮೇಷ್ಟ್ರನ್ನು ಕೇಳಿ. ಮಗು ಅದನ್ನು ಕಲಿತು ಏನು ಮಾಡಬೇಕು ಎನ್ನುವುದು ಗೊತ್ತಾಗದೆ ಬರೆಯಲು ಹೋಗಬೇಡಿ.

ಸಮಯದ ಲೆಕ್ಕ ಸರಿಯಾಗಿ ಹಾಕಿ

ಇಲ್ಲಿ ಒಂದು ನಿಜವಾದ ಕಥೆ ಹೇಳಬೇಕು. 1970ರ ದಶಕದಲ್ಲಿ ಇಸ್ರೇಲಿನಲ್ಲಿ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಕೆಲವು ಶಿಕ್ಷಕರು ಸೇರಿ ಹೈಸ್ಕೂಲಿಗೆ ಒಂದು ಪಠ್ಯಪುಸ್ತಕ ಬರೆಯಲು ಹೊರಟರು. ವಿಷಯ: ಮನುಷ್ಯರು ಹೇಗೆ ಅಂದಾಜು ಮಾಡುತ್ತಾರೆ, ಹೇಗೆ ತೀರ್ಮಾನ ತೆಗೆದುಕೊಳ್ಳುತ್ತಾರೆ. ಕಾನೆಮನ್ ಅವರಿಗೆ ಮುಂದೆ 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂದಿದ್ದು ಇದೇ ವಿಷಯದ ಕೆಲಸಕ್ಕೆ. ಕೆಲಸ ಶುರುವಾಗಿ ಸುಮಾರು ಒಂದು ವರ್ಷ ಆದಾಗ, ಇನ್ನೆಷ್ಟು ಕಾಲ ಬೇಕು ಅಂತ ಪ್ರತಿಯೊಬ್ಬರೂ ಚೀಟಿಯಲ್ಲಿ ಬರೆದರು. ಎಲ್ಲರ ಉತ್ತರವೂ ಎರಡು ವರ್ಷದ ಆಸುಪಾಸಿನಲ್ಲಿತ್ತು. ತಂಡದಲ್ಲಿ ಸೀಮೋರ್ ಫಾಕ್ಸ್ ಎಂಬ ಪಠ್ಯಕ್ರಮ ತಜ್ಞರಿದ್ದರು. ಇಂಥ ಬೇರೆ ತಂಡಗಳಿಗೆ ಎಷ್ಟು ಕಾಲ ಹಿಡಿಯಿತು ಎಂದು ಅವರನ್ನು ಕೇಳಿದಾಗ, ಸುಮಾರು 40 ಶೇಕಡಾ ತಂಡಗಳು ಮುಗಿಸಲೇ ಇಲ್ಲ, ಮುಗಿಸಿದವರಿಗೂ ಏಳರಿಂದ ಹತ್ತು ವರ್ಷ ಆಯಿತು ಅಂದರು. ಅವರೂ ಚೀಟಿಯಲ್ಲಿ ಎರಡು ವರ್ಷದ ಲೆಕ್ಕವನ್ನೇ ಬರೆದಿದ್ದರು! ಪುಸ್ತಕ ಮುಗಿಯಲು ಎಂಟು ವರ್ಷ ಹಿಡಿಯಿತು. ಅಷ್ಟರಲ್ಲಿ ಶಿಕ್ಷಣ ಇಲಾಖೆಯ ಆಸಕ್ತಿ ಆರಿಹೋಗಿತ್ತು. ಆ ಪುಸ್ತಕ ತರಗತಿಗೆ ಹೋಗಲೇ ಇಲ್ಲ.

ಅಂದಾಜಿನ ಬಗ್ಗೆ ಜಗತ್ತಿಗೇ ಪಾಠ ಹೇಳಿದವರಿಗೆ ಹೀಗಾದರೆ ನಮ್ಮ ಪಾಡೇನು? ಹಾಗಾಗಿ ಮನಸ್ಸಿಗೆ ತೋಚಿದ ಗಡುವನ್ನು ನಂಬಬೇಡಿ. ಮೊದಲ ಒಂದು ಅಧ್ಯಾಯವನ್ನು ಪೂರ್ತಿ ಮುಗಿಸಿ. ಚಿತ್ರ, ಅಭ್ಯಾಸ, ತಿದ್ದುವುದು ಎಲ್ಲ ಸೇರಿ. ಅದಕ್ಕೆ ಹಿಡಿದ ವಾರಗಳನ್ನು ಉಳಿದ ಅಧ್ಯಾಯಗಳ ಸಂಖ್ಯೆಯಿಂದ ಗುಣಿಸಿ. ಶಿಕ್ಷಕರಾದರೆ ಮೌಲ್ಯಮಾಪನ, ಚುನಾವಣೆ ಡ್ಯೂಟಿ, ಗಣತಿ, ತರಬೇತಿ ಇವು ಬರುವ ತಿಂಗಳುಗಳನ್ನೂ ಅದಕ್ಕೆ ಕೂಡಿಸಿ. ಬರುವ ಉತ್ತರ ನೋಡಿ ಗಾಬರಿ ಆಗಬಹುದು. ಆದರೂ ಪ್ರಕಾಶಕರಿಗೆ ಅದನ್ನೇ ಹೇಳಿ. ಸುಳ್ಳು ಗಡುವು ದಾಟಿದ ಮೇಲೆ ಹುಟ್ಟುವ ನಾಚಿಕೆಯೇ ಮತ್ತಷ್ಟು ತಡಕ್ಕೆ ಕಾರಣ. ಫೋನ್ ಬಂದರೆ ಎತ್ತಲು ಅಳುಕು, ಫೈಲು ತೆರೆಯಲು ಅಳುಕು.

ಕೆನಡಾದ ಮನಶ್ಶಾಸ್ತ್ರಜ್ಞ ಟಿಮೊಥಿ ಪಿಚಿಲ್ ಬಹಳ ವರ್ಷಗಳಿಂದ ಹೇಳುತ್ತಿರುವುದು ಇದನ್ನೇ. ಕೆಲಸ ಮುಂದೂಡುವುದು ಸಮಯ ಸಾಲದೆ ಹುಟ್ಟುವ ಸಮಸ್ಯೆ ಅಲ್ಲ. ಆ ಕೆಲಸ ನೆನೆದರೆ ಮನಸ್ಸಿಗಾಗುವ ಕಸಿವಿಸಿಯಿಂದ ತಪ್ಪಿಸಿಕೊಳ್ಳಲು ನಾವು ಅದನ್ನು ಮುಂದಕ್ಕೆ ಹಾಕುತ್ತೇವೆ. ಆದ್ದರಿಂದ ಬರೀ ಟೈಂಟೇಬಲ್ ಹಾಕಿದರೆ ಸಾಲದು, ಕೂರುವುದನ್ನೇ ಹಗುರ ಮಾಡಿಕೊಳ್ಳಬೇಕು.

ದಿನಕ್ಕೆ ಅರ್ಧ ಗಂಟೆ ಕೂರುವುದು ಹೇಗೆ

ಅಮೆರಿಕದ ರಾಬರ್ಟ್ ಬಾಯ್ಸ್ ಎಂಬ ಮನಶ್ಶಾಸ್ತ್ರಜ್ಞ 1980ರ ದಶಕದಲ್ಲಿ ಕಾಲೇಜು ಅಧ್ಯಾಪಕರ ಬರವಣಿಗೆಯನ್ನು ವರ್ಷಗಟ್ಟಲೆ ಗಮನಿಸಿದರು. ದೊಡ್ಡ ಬಿಡುವಿಗಾಗಿ ಕಾದು ಒಂದೇ ಸಲಕ್ಕೆ ಬರೆಯುವವರಿಗಿಂತ, ದಿನವೂ ಸ್ವಲ್ಪ ಸ್ವಲ್ಪ ಬರೆಯುವವರು ಜಾಸ್ತಿ ಬರೆದು ಮುಗಿಸುತ್ತಿದ್ದರು. ಬರೆಯುವಾಗ ಹೊಸ ವಿಚಾರಗಳು ಹೊಳೆಯುತ್ತಿದ್ದುದೂ ಅವರಿಗೇ ಹೆಚ್ಚು. ನಮ್ಮಲ್ಲಿ ಇದಕ್ಕೆ ಪುರಾವೆಯೇ ಬೇಕಿಲ್ಲ. ಬೇಸಿಗೆ ರಜೆಗೆ ಅಂತ ಇಟ್ಟುಕೊಂಡ ಬರವಣಿಗೆ ಮದುವೆ, ಗೃಹಪ್ರವೇಶ, ಊರಹಬ್ಬಗಳಲ್ಲಿ ಏನಾಗುತ್ತದೆ ಎಂದು ಎಲ್ಲರಿಗೂ ಗೊತ್ತು.

ದಿನದಲ್ಲಿ ಈಗಾಗಲೇ ತಪ್ಪದೆ ನಡೆಯುವ ಒಂದು ಕೆಲಸದ ಹಿಂದೆಯೇ ಬರವಣಿಗೆಯನ್ನು ಜೋಡಿಸಿ. ಬೆಳಗಿನ ಕಾಫಿ ಆದ ತಕ್ಷಣ, ಅಥವಾ ಶಾಲೆ ಬಿಟ್ಟ ಮೇಲೆ ಬಸ್ಸಿಗೆ ಹೊರಡುವ ಮುಂಚೆ ಸ್ಟಾಫ್ ರೂಮಿನಲ್ಲಿ. ‘ಸಮಯ ಸಿಕ್ಕಾಗ’ ಅಂದರೆ ಎಂದೂ ಇಲ್ಲ. ಮೊಬೈಲು ಬೇರೆ ಕೋಣೆಯಲ್ಲಿರಲಿ. ಅರ್ಧ ಗಂಟೆ ಆದ ಮೇಲೆ, ಬರೆಯುವುದು ಚೆನ್ನಾಗಿ ಸಾಗುತ್ತಿದ್ದರೂ ನಿಲ್ಲಿಸಿ. ನಿಲ್ಲಿಸುವ ಮುಂಚೆ ನಾಳೆ ಬರೆಯಬೇಕಾದ ಮೊದಲ ವಾಕ್ಯದ ಅರ್ಧವನ್ನು ಬರೆದಿಡಿ. “ಈಗ ಎಲೆಯ ಕೆಳಭಾಗವನ್ನು ಭೂತಗನ್ನಡಿಯಲ್ಲಿ ನೋಡಿದರೆ...” ಅಂತ ಬಿಟ್ಟರೆ ಸಾಕು. ಮಾರನೇ ದಿನ ಕೂತ ಕೂಡಲೇ ಕೈ ಅದನ್ನು ಮುಗಿಸಲು ಹೊರಡುತ್ತದೆ.

ಅಷ್ಟಾದರೂ ಸಾಲು ಬಾರದಿದ್ದರೆ, ಬರೆಯಬೇಡಿ, ಹೇಳಿ. ಫೋನಿನಲ್ಲಿ ರೆಕಾರ್ಡರ್ ಹಾಕಿ ನಿಜವಾದ ತರಗತಿಯಲ್ಲಿ ಪಾಠ ಮಾಡಿ. ಮನೆಗೆ ಬಂದು ಅದನ್ನು ಕೇಳಿಸಿಕೊಂಡು ಬರೆದುಕೊಳ್ಳಿ. ಈಗ ಫೋನಿನ ಕೀಬೋರ್ಡಿನಲ್ಲಿ ಕನ್ನಡದಲ್ಲಿ ಮಾತಾಡಿದರೆ ಅದೇ ಟೈಪ್ ಮಾಡಿಕೊಳ್ಳುತ್ತದೆ. ತಪ್ಪುಗಳಿರುತ್ತವೆ, ಪರವಾಗಿಲ್ಲ, ಕಚ್ಚಾ ಕರಡಿಗೆ ಸಾಕು. ಮಕ್ಕಳು ನಡುವೆ ಕೇಳಿದ ಪ್ರಶ್ನೆಗಳನ್ನು ಮಾತ್ರ ಬಿಡಬೇಡಿ. ಅವು ನಿಮ್ಮ ಪುಸ್ತಕಕ್ಕೆ ಸಿಗುವ ಅತ್ಯಂತ ಬೆಲೆಬಾಳುವ ಸಾಮಗ್ರಿ. “ಹಾಗಾದ್ರೆ ಕೆಂಪು ಎಲೆ ಗಿಡ ಊಟ ಮಾಡಲ್ವಾ ಸಾರ್?” ಅಂತ ಒಂದು ಮಗು ಕೇಳಿದರೆ, ಅದೇ ಪ್ರಶ್ನೆ ಪುಸ್ತಕ ಓದುವ ಎಷ್ಟೋ ಮಕ್ಕಳ ತಲೆಯಲ್ಲೂ ಇರುತ್ತದೆ. ಆ ಎಲೆಗಳಲ್ಲೂ ಪತ್ರಹರಿತ್ತು ಇದೆ, ಕೆಂಪು ಬಣ್ಣ ಅದನ್ನು ಮರೆಮಾಡಿದೆ ಅಷ್ಟೆ ಎಂಬ ಉತ್ತರ ಪಾಠದೊಳಗೇ ಬರಲಿ.

ಕರಡು ಬರೆಯುವ ದಿನ ತಿದ್ದಬೇಡಿ. ತಿದ್ದುವ ದಿನ ಬೇರೆ ಇರಲಿ.

ಪುಟದೊಳಗೆ ಯಾವುದು ಮೊದಲು, ಯಾವುದು ಆಮೇಲೆ

ನಮ್ಮ ಹೆಚ್ಚಿನ ಪಾಠಗಳು ಹೆಸರಿನಿಂದ ಶುರುವಾಗುತ್ತವೆ. “ಹಸಿರು ಸಸ್ಯಗಳು ಸೂರ್ಯನ ಬೆಳಕಿನ ಸಹಾಯದಿಂದ ಆಹಾರವನ್ನು ತಯಾರಿಸಿಕೊಳ್ಳುವ ಕ್ರಿಯೆಯನ್ನು ದ್ಯುತಿಸಂಶ್ಲೇಷಣೆ ಎನ್ನುವರು.” ಮಗು ಇದನ್ನು ಬಾಯಿಪಾಠ ಮಾಡುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕವೂ ಬರುತ್ತದೆ. ಮರದ ತೂಕ ಎಲ್ಲಿಂದ ಬಂತು ಅಂದರೆ ಅದೇ ಮಗು ಆಮೇಲೂ ಮಣ್ಣು ಅನ್ನುತ್ತದೆ.

ಬದಲಿಗೆ ಹೀಗೆ ನಡೆಸಿ. ಮೊದಲು ಓಟೆಯ ಪ್ರಶ್ನೆ. ಅದರ ಕೆಳಗೆ ಎರಡು ಗೆರೆ ಖಾಲಿ ಬಿಡಿ, ಮಗು ತನ್ನ ಊಹೆ ಬರೆಯಲಿ. ಆಮೇಲೆ ಯಾನ್ ಬ್ಯಾಪ್ಟಿಸ್ಟಾ ವಾನ್ ಹೆಲ್ಮಾಂಟ್ ಮಾಡಿದ ಪ್ರಯೋಗದ ಕಥೆ ಹೇಳಿ. ಈಗಿನ ಬೆಲ್ಜಿಯಂ ಇರುವ ಕಡೆಯ ಈ ವಿಜ್ಞಾನಿ 200 ಪೌಂಡ್ ಒಣ ಮಣ್ಣಿನಲ್ಲಿ 5 ಪೌಂಡ್ ತೂಕದ ವಿಲೋ ಸಸಿ ನೆಟ್ಟರು. ಐದು ವರ್ಷ ನೀರು ಮಾತ್ರ ಹಾಕಿದರು. ಗಿಡ ಸುಮಾರು 169 ಪೌಂಡ್ ಆಯಿತು. ಮಣ್ಣಿನಲ್ಲಿ ಕಡಿಮೆ ಆಗಿದ್ದು ಬರೀ 2 ಔನ್ಸ್, ಅಂದರೆ 60 ಗ್ರಾಮಿನಷ್ಟೂ ಇಲ್ಲ. ಅವರು ಸತ್ತ ಮೇಲೆ, 1648ರಲ್ಲಿ, ಈ ಪ್ರಯೋಗದ ವಿವರ ಅಚ್ಚಾಯಿತು. ಗಿಡ ಪೂರ್ತಿ ನೀರಿನಿಂದಲೇ ಬೆಳೆಯಿತು ಎಂದು ಅವರು ತೀರ್ಮಾನಿಸಿದ್ದರು. ಮಣ್ಣಲ್ಲ ಎಂಬುದು ಸರಿ, ನೀರು ಮಾತ್ರ ಎಂಬುದು ತಪ್ಪು. ಗಾಳಿ ಅವರ ಲೆಕ್ಕಕ್ಕೆ ಬರಲಿಲ್ಲ. ಅಷ್ಟು ದೊಡ್ಡ ವಿಜ್ಞಾನಿಯೂ ಅರ್ಧ ದಾರಿಯಲ್ಲಿ ನಿಂತಿದ್ದನ್ನು ಓದಿದ ಮಗುವಿಗೆ ತನ್ನ ತಪ್ಪು ಊಹೆಯ ಬಗ್ಗೆ ನಾಚಿಕೆ ಆಗುವುದಿಲ್ಲ. ಮುಂದೇನು ಅಂತ ಪುಟ ತಿರುಗಿಸುತ್ತದೆ.

ಇದಾದ ಮೇಲೆ ಕಪ್ಪು ಕಾಗದ ಸುತ್ತಿದ ಎಲೆಯ ಪ್ರಯೋಗ, ಅದರ ವಿವರಣೆ. ‘ದ್ಯುತಿಸಂಶ್ಲೇಷಣೆ’ ಎಂಬ ಹೆಸರು ಕೊನೆಗೆ ಬರಲಿ. ಅಷ್ಟು ಹೊತ್ತಿಗೆ ಮಗುವಿನ ತಲೆಯಲ್ಲಿ ಸಂಗತಿ ಇರುತ್ತದೆ, ಹೆಸರನ್ನು ಅದಕ್ಕೆ ಅಂಟಿಸಿದರೆ ಸಾಕು.

ಪ್ರಯೋಗವನ್ನು ಬರೆಯುವ ಮುಂಚೆ ನೀವೇ ಮಾಡಿ ನೋಡಿ. ಹಳೆಯ ಪುಸ್ತಕದಿಂದ ಇಳಿಸಿದ ಪ್ರಯೋಗದಲ್ಲಿ ಎಷ್ಟೋ ಸಲ ಮುಖ್ಯವಾದ ಒಂದು ಸಾಲು ಬಿಟ್ಟುಹೋಗಿರುತ್ತದೆ. ಎಲೆಯಲ್ಲಿ ಪಿಷ್ಟ ಇದೆಯೇ ಎಂದು ನೋಡುವ ಮುಂಚೆ ಅದರ ಹಸಿರು ತೆಗೆಯಲು ಸ್ಪಿರಿಟ್ಟಿನಲ್ಲಿ ಕಾಯಿಸಬೇಕು. ಸ್ಪಿರಿಟ್ ನೇರ ಬೆಂಕಿಗೆ ಹತ್ತಿಕೊಳ್ಳುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಇಟ್ಟೇ ಕಾಯಿಸಬೇಕು, ಶಿಕ್ಷಕರು ಪಕ್ಕದಲ್ಲಿರಲೇಬೇಕು. ಈ ಎಚ್ಚರಿಕೆ ಅಡಿಟಿಪ್ಪಣಿಗೆ ಹೋಗಬಾರದು, ಕ್ರಮದ ಒಳಗೇ ಇರಬೇಕು. ಸ್ಪಿರಿಟ್ ಸಿಗದ ಶಾಲೆಯೂ ಇದೆ ಎಂಬುದು ನೆನಪಿರಲಿ. ಅಂಥ ಕಡೆ ಅನ್ನದ ಅಗುಳು, ಆಲೂಗಡ್ಡೆ ಹೋಳಿನ ಮೇಲೆ ಅಯೋಡಿನ್ ಹನಿ ಹಾಕಿ ಪಿಷ್ಟ ಇದ್ದರೆ ಕಪ್ಪು ನೀಲಿ ಆಗುವುದನ್ನಾದರೂ ನೋಡಬಹುದು. ಆಮೇಲೆ ಎಲೆಯ ಪ್ರಯೋಗದ ಫಲಿತಾಂಶವನ್ನು ಚಿತ್ರದಲ್ಲಿ ನೋಡಿದರೂ ಅರ್ಥವಾಗುತ್ತದೆ.

ಗಣಿತ, ಭೌತಶಾಸ್ತ್ರ, ಅಕೌಂಟೆನ್ಸಿ ಬರೆಯುವವರಿಗೆ ಒಂದು ಮಾತು. ಬಿಡಿಸಿದ ಉದಾಹರಣೆಗಳಲ್ಲಿ ಜಿಪುಣತನ ಬೇಡ. ಆಸ್ಟ್ರೇಲಿಯಾದ ಸಂಶೋಧಕರಾದ ಜಾನ್ ಸ್ವೆಲ್ಲರ್ ಮತ್ತು ಗ್ರಹಾಂ ಕೂಪರ್ 1985ರಲ್ಲಿ ಬೀಜಗಣಿತದ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಬಿಡಿಸಿ ತೋರಿಸಿದ ಲೆಕ್ಕಗಳನ್ನು ಓದಿ ಕಲಿತ ಮಕ್ಕಳು ಅದೇ ರೀತಿಯ ಹೊಸ ಲೆಕ್ಕಗಳನ್ನು, ತಾವೇ ಬಿಡಿಸುತ್ತ ಕಲಿತವರಿಗಿಂತ ಬೇಗ, ಕಡಿಮೆ ತಪ್ಪಿನಲ್ಲಿ ಮಾಡಿದರು. ಹೊಸದಾಗಿ ಕಲಿಯುವ ಮಗುವಿಗೆ ಒಂದೇ ಸಲಕ್ಕೆ ಹತ್ತು ಸಂಗತಿ ನೆನಪಿನಲ್ಲಿಟ್ಟುಕೊಳ್ಳಲು ಆಗುವುದಿಲ್ಲ. ಹಾಗಾಗಿ ಮೊದಲ ಲೆಕ್ಕವನ್ನು ಪೂರ್ತಿ ಬಿಡಿಸಿ, ಪ್ರತಿ ಹೆಜ್ಜೆಯ ಪಕ್ಕದಲ್ಲಿ ‘ಯಾಕೆ’ ಬರೆಯಿರಿ. ಎರಡನೆಯದರಲ್ಲಿ ಕೊನೆಯ ಹೆಜ್ಜೆಯನ್ನು ಮಗುವಿಗೆ ಬಿಡಿ. ಮೂರನೆಯದರಲ್ಲಿ ಅರ್ಧ ಬಿಡಿ. ನಾಲ್ಕನೆಯದು ಪೂರ್ತಿ ಅವಳದೇ. ‘ಸುಲಭವಾಗಿ ತೋರಿಸಬಹುದು’ ಎಂಬ ಮಾತು ಎಲ್ಲಾದರೂ ಬಂದಿದ್ದರೆ ಹೊಡೆದುಹಾಕಿ, ತೋರಿಸಿಯೇ ಬಿಡಿ.

ಏನನ್ನು ತೆಗೆಯಬೇಕು

ಅಂದಕ್ಕೆ ಹಾಕಿದ ಚಿತ್ರ, ಪಾಠಕ್ಕೆ ಸಂಬಂಧವಿಲ್ಲದ ‘ನಿಮಗಿದು ಗೊತ್ತೇ?’ ಚೌಕ, ಮಹಾಪುರುಷರ ಸೂಕ್ತಿ. ಇವು ಪುಟವನ್ನು ಚಂದ ಮಾಡುತ್ತವೆ, ಕಲಿಕೆಯನ್ನು ಕೆಡಿಸುತ್ತವೆ. ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞ ರಿಚರ್ಡ್ ಮೇಯರ್ ದಶಕಗಳ ಕಾಲ ಇದನ್ನೇ ಪರೀಕ್ಷಿಸುತ್ತ ಬಂದವರು. ಬೇಡದ ಕುತೂಹಲದ ಸಂಗತಿ ತೆಗೆದುಹಾಕಿದಾಗ ಓದುಗರು ಮುಖ್ಯ ವಿಷಯವನ್ನು ಹೆಚ್ಚು ಚೆನ್ನಾಗಿ ಕಲಿಯುತ್ತಾರೆ, ಚಿತ್ರದ ಭಾಗಗಳ ಹೆಸರು ಚಿತ್ರದ ಮೇಲೆಯೇ ಇದ್ದರೆ ಒಳ್ಳೆಯದು ಎಂದು ಅವರ ಕೆಲಸ ತೋರಿಸಿದೆ. ಚಿತ್ರದಲ್ಲಿ ಅ, ಆ, ಇ ಎಂದು ಗುರುತು ಹಾಕಿ, ವಿವರಣೆಯನ್ನು ಮುಂದಿನ ಪುಟದಲ್ಲಿ ಕೊಟ್ಟರೆ ಮಗುವಿನ ಶಕ್ತಿಯೆಲ್ಲ ಪುಟ ತಿರುಗಿಸುವುದರಲ್ಲೇ ಖರ್ಚಾಗುತ್ತದೆ.

ವಾಕ್ಯಗಳನ್ನು ಜೋರಾಗಿ ಓದಿ. ಉಸಿರು ಕಟ್ಟಿದ ಕಡೆ ವಾಕ್ಯ ಮುರಿಯಿರಿ. ‘ಮಾಡಲ್ಪಡುತ್ತದೆ’, ‘ಹೊಂದಿರುವುದಾಗಿದೆ’ ಇಂಥವು ಕಂಡರೆ ‘ಮಾಡುತ್ತಾರೆ’, ‘ಇದೆ’ ಅನ್ನಿ. ಪಾರಿಭಾಷಿಕ ಪದಗಳ ವಿಷಯದಲ್ಲಿ ಮಾತ್ರ ಹೊಸದನ್ನು ಟಂಕಿಸಲು ಹೋಗಬೇಡಿ. ಹಿಂದಿನ ತರಗತಿಯ ಪಠ್ಯದಲ್ಲಿ ಏನು ಇತ್ತೋ ಅದನ್ನೇ ಬಳಸಿ. ಇಡೀ ಪುಸ್ತಕಕ್ಕೆ ಒಂದು ಪದಪಟ್ಟಿ ಮೊದಲ ದಿನವೇ ಮಾಡಿಟ್ಟುಕೊಳ್ಳಿ. ಮೂರು ಜನ ಸೇರಿ ಬರೆಯುತ್ತಿದ್ದರಂತೂ ಇದು ಬೇಕೇ ಬೇಕು. ಹೈಸ್ಕೂಲಿನ ವಿಜ್ಞಾನ ಪುಸ್ತಕವಾದರೆ ಅಧ್ಯಾಯದ ಕೊನೆಗೆ ಅದೇ ಪದಗಳ ಇಂಗ್ಲಿಷ್ ಹೆಸರುಗಳನ್ನೂ ಕೊಡಿ. ಪಿಯುಸಿ ವಿಜ್ಞಾನ ತೆಗೆದುಕೊಂಡ ಕನ್ನಡ ಮಾಧ್ಯಮದ ಮಕ್ಕಳು ಮೊದಲ ತಿಂಗಳು ಪಡುವ ಪಾಡನ್ನು ಒಂದು ಪಟ್ಟಿ ಎಷ್ಟೋ ಕಡಿಮೆ ಮಾಡುತ್ತದೆ.

ಅಭ್ಯಾಸಗಳಿಗೆ ಹೆಚ್ಚು ಜಾಗ ಕೊಡಿ

ಪುಸ್ತಕ ಕಲಿಸುವುದು ಹೆಚ್ಚಾಗಿ ಇಲ್ಲಿ. ಓದುವಾಗ ಅರ್ಥ ಆಯಿತು ಅನ್ನಿಸುವುದು ಬೇರೆ, ನೆನಪಿನಿಂದ ತೆಗೆದು ಹೇಳುವುದು ಬೇರೆ. 2006ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಒಂದು ಪ್ರಯೋಗ ಪ್ರಕಟಿಸಿದರು. ಒಂದು ಗುಂಪು ಪಠ್ಯವನ್ನು ಎರಡು ಸಲ ಓದಿತು. ಇನ್ನೊಂದು ಗುಂಪು ಒಂದು ಸಲ ಓದಿ, ಆಮೇಲೆ ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆಯಿತು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಎರಡು ಸಲ ಓದಿದವರೇ ಮುಂದಿದ್ದರು, ಅವರಿಗೆ 81 ಶೇಕಡಾ ನೆನಪಿತ್ತು, ಬರೆದು ನೋಡಿದವರಿಗೆ 75. ಒಂದು ವಾರದ ನಂತರ ಲೆಕ್ಕ ತಿರುಗಿತ್ತು. ಎರಡು ಸಲ ಓದಿದವರಿಗೆ 42 ಶೇಕಡಾ ನೆನಪಿತ್ತು, ಬರೆದು ನೋಡಿದವರಿಗೆ 56.

ಇದರಿಂದ ಲೇಖಕರು ಕಲಿಯಬೇಕಾದ್ದು ಬಹಳ ಸರಳ. ಪ್ರತಿ ಎರಡು ಪುಟಕ್ಕೊಮ್ಮೆ ಮಗುವನ್ನು ನಿಲ್ಲಿಸಿ. “ಪುಸ್ತಕ ಮುಚ್ಚು. ಗಿಡಕ್ಕೆ ಬೇಕಾದ ವಸ್ತುಗಳನ್ನೂ ಅವು ಎಲ್ಲಿಂದ ಒಳಗೆ ಬರುತ್ತವೆ ಎಂಬುದನ್ನೂ ಬರೆ. ಆಮೇಲೆ ತೆರೆದು ನೋಡಿಕೋ.” ಇಷ್ಟು ಸಾಕು. ಪಾಠದ ವಾಕ್ಯವನ್ನೇ ಎತ್ತಿ, ಒಂದು ಪದ ಅಳಿಸಿ ಮಾಡುವ ‘ಬಿಟ್ಟ ಸ್ಥಳ ತುಂಬಿ’ ಇದಕ್ಕೆ ಸಮ ಅಲ್ಲ. ಅದರಲ್ಲಿ ಮಗು ಪುಟ ಹುಡುಕುತ್ತದೆ, ನೆನಪಿಸಿಕೊಳ್ಳುವುದಿಲ್ಲ.

ಇನ್ನೊಂದು ಅಭ್ಯಾಸ ನಮ್ಮ ಪುಸ್ತಕಗಳಲ್ಲಿ ತೀರಾ ಕಡಿಮೆ. ಹಳೆಯ ಅಧ್ಯಾಯಗಳ ಪ್ರಶ್ನೆಯನ್ನು ಹೊಸದರ ಜೊತೆ ಬೆರೆಸುವುದು. ಡಗ್ ರೋರರ್ ಮತ್ತು ಕೆಲ್ಲಿ ಟೇಲರ್ ಎಂಬ ಅಮೆರಿಕದ ಸಂಶೋಧಕರು 2007ರಲ್ಲಿ ಘನಾಕೃತಿಗಳ ಘನಫಲದ ಲೆಕ್ಕಗಳನ್ನು ಎರಡು ರೀತಿಯಲ್ಲಿ ಮಾಡಿಸಿದರು. ಒಂದು ಗುಂಪಿಗೆ ಒಂದೊಂದು ಬಗೆಯ ಲೆಕ್ಕ ಸಾಲಾಗಿ, ಇನ್ನೊಂದಕ್ಕೆ ಎಲ್ಲ ಬಗೆ ಕಲಸಿ. ಅಭ್ಯಾಸದ ಹೊತ್ತಿನಲ್ಲಿ ಸಾಲಾಗಿ ಮಾಡಿದವರಿಗೆ 89 ಶೇಕಡಾ ಸರಿ, ಕಲಸಿ ಮಾಡಿದವರಿಗೆ 60. ವಾರದ ನಂತರದ ಪರೀಕ್ಷೆಯಲ್ಲಿ ಸಾಲಿನವರಿಗೆ 20, ಕಲಸಿದವರಿಗೆ 63. ‘ಅಭ್ಯಾಸ 5.2’ ಎಂದು ಮೇಲೆ ಬರೆದಿದ್ದರೆ ಯಾವ ಸೂತ್ರ ಹಾಕಬೇಕು ಅಂತ ಯೋಚಿಸುವ ಕೆಲಸವೇ ಮಗುವಿಗೆ ಇರುವುದಿಲ್ಲ. ಪರೀಕ್ಷೆಯಲ್ಲಿ ಮತ್ತು ಜೀವನದಲ್ಲಿ ಬೇಕಾಗುವುದು ಅದೇ ಕೆಲಸ. ಹಾಗಾಗಿ ಹತ್ತು ಪ್ರಶ್ನೆಯಲ್ಲಿ ಆರು ಈ ಅಧ್ಯಾಯದ್ದು, ನಾಲ್ಕು ಹಿಂದಿನವು ಎಂಬ ರೂಢಿ ಇಟ್ಟುಕೊಳ್ಳಿ. ಇದು ನನ್ನ ಅಳತೆ, ನೀವು ನಿಮಗೆ ಸರಿಕಂಡಂತೆ ಬದಲಿಸಿ. ಪುಸ್ತಕದ ಕೊನೆಗೆ ಬರೀ ಉತ್ತರ ಕೊಡಬೇಡಿ, ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪು ಉತ್ತರವನ್ನೂ ಅದು ಯಾಕೆ ತಪ್ಪು ಎಂಬುದನ್ನೂ ಒಂದೊಂದು ಸಾಲಿನಲ್ಲಿ ಸೇರಿಸಿ. ಟ್ಯೂಷನ್ ಇಲ್ಲದ ಮಗುವಿಗೆ ಆ ಒಂದು ಸಾಲೇ ಆಸರೆ.

ಸಮಿತಿಗೆ ಕಳಿಸುವ ಮುಂಚೆ ಮಗುವಿನ ಕೈಗೆ ಕೊಡಿ

1964ರಲ್ಲಿ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಕ್ಯಾಲಿಫೋರ್ನಿಯಾದ ಶಾಲಾ ಪುಸ್ತಕಗಳನ್ನು ಆರಿಸುವ ಸಮಿತಿಯಲ್ಲಿದ್ದರು. ಒಂದು ಮಾಲೆಯ ಮೂರನೇ ಪುಸ್ತಕ ಸಮಯಕ್ಕೆ ಮುದ್ರಣವಾಗದೆ, ರಟ್ಟಿನೊಳಗೆ ಖಾಲಿ ಹಾಳೆಗಳಷ್ಟೇ ಬಂದಿದ್ದವು. ಅದಕ್ಕೂ ಕೆಲವರು ಅಂಕ ಕೊಟ್ಟಿದ್ದರು ಎಂದು ಅವರೇ ಬರೆದಿದ್ದಾರೆ. ಸಮಿತಿಯ ಒಪ್ಪಿಗೆ ಬೇಕು, ನಿಜ. ಆದರೆ ಅದೊಂದೇ ಪರೀಕ್ಷೆ ಆಗಬಾರದು.

ಕರಡು ಅಧ್ಯಾಯದ ಜೆರಾಕ್ಸ್ ತೆಗೆಸಿ ಮೂರು ನಾಲ್ಕು ಮಕ್ಕಳಿಗೆ ಒಬ್ಬೊಬ್ಬರಿಗೇ ಕೊಡಿ. ಬೇರೆ ಶಾಲೆಯವರಾದರೆ ಇನ್ನೂ ಒಳ್ಳೆಯದು, ನಿಮ್ಮ ಮುಖ ನೋಡಿ ಅರ್ಥ ಆಯಿತು ಅನ್ನುವುದಿಲ್ಲ. ಪಕ್ಕದಲ್ಲಿ ಸುಮ್ನೆ ಕೂತಿರಿ. ವಿವರಿಸಬೇಡಿ. ಇದು ಮೇಷ್ಟ್ರಿಗೆ ಬಹಳ ಕಷ್ಟ, ಬಾಯಿ ತುರಿಸುತ್ತದೆ. ಆದರೂ ತಡೆದುಕೊಳ್ಳಿ, ಪುಸ್ತಕದ ಜೊತೆ ಮನೆಮನೆಗೆ ನೀವು ಹೋಗಲಾಗುವುದಿಲ್ಲ. ಬೆರಳು ಎಲ್ಲಿ ನಿಂತಿತು, ಯಾವ ಸಾಲಿಗೆ ವಾಪಸ್ ಹೋಯಿತು, ಚಿತ್ರವನ್ನು ನೋಡಿತೋ ಹಾರಿಸಿತೋ ಎಂದು ನಿಮ್ಮ ಪ್ರತಿಯಲ್ಲಿ ಗುರುತು ಹಾಕಿ. ಓದಿದ ಮೇಲೆ “ಅರ್ಥ ಆಯ್ತಾ?” ಅಂತ ಕೇಳಬೇಡಿ. ಎಲ್ಲರೂ ಹೂಂ ಅನ್ನುತ್ತಾರೆ. “ನಿನ್ನ ತಮ್ಮನಿಗೆ ಇದನ್ನು ಹೇಗೆ ಹೇಳ್ತೀಯಾ?” ಅನ್ನಿ. ಇಬ್ಬರು ಒಂದೇ ಕಡೆ ಎಡವಿದರೆ ಆ ಪ್ಯಾರಾ ಮತ್ತೆ ಬರೆಯಿರಿ. ಒಂದು ವಾರ ಬಿಟ್ಟು ಅದೇ ಮಕ್ಕಳಿಗೆ ಮೊದಲ ದಿನ ಬರೆದ ನಾಲ್ಕೈದು ಪ್ರಶ್ನೆ ಕೊಡಿ. ಅದರ ಉತ್ತರಗಳನ್ನು ಜೋಡಿಸಿ ಸಮಿತಿಯ ಮುಂದೆ ಇಟ್ಟರೆ, ಈ ಪ್ಯಾರಾ ಯಾಕೆ ಇಷ್ಟು ಸರಳವಾಗಿದೆ ಎಂದು ಕೇಳುವವರಿಗೆ ಉತ್ತರ ನಿಮ್ಮ ಕೈಯಲ್ಲೇ ಇರುತ್ತದೆ.

ಡಿಟಿಪಿ ಮತ್ತು ಕರಡಚ್ಚು

ಎಷ್ಟೋ ಕಡೆ ಪುಟವಿನ್ಯಾಸ ಇನ್ನೂ ‘ನುಡಿ’, ‘ಶ್ರೀಲಿಪಿ’ ತಂತ್ರಾಂಶಗಳ ಹಳೆಯ ಅಕ್ಷರಗಳಲ್ಲೇ ನಡೆಯುತ್ತದೆ. ನೀವು ಯೂನಿಕೋಡಿನಲ್ಲಿ, ಅಂದರೆ ಈಗಿನ ಫೋನು, ಕಂಪ್ಯೂಟರುಗಳ ಸಾಮಾನ್ಯ ಅಕ್ಷರ ಪದ್ಧತಿಯಲ್ಲಿ, ಕೊಟ್ಟಿದ್ದು ಅಲ್ಲಿ ಬದಲಾಗುವಾಗ ಅರ್ಕಾವತ್ತು, ಒತ್ತಕ್ಷರ, ಅಂಕಿ, ಗಣಿತದ ಚಿಹ್ನೆಗಳು ಜಾಗ ತಪ್ಪುವುದುಂಟು. ಮೊದಲ ಅಧ್ಯಾಯ ಸಿದ್ಧವಾದ ಕೂಡಲೇ ಒಂದು ಪುಟ ಕೊಟ್ಟು ಪರೀಕ್ಷಿಸಿ. ಪುಸ್ತಕ ಪೂರ್ತಿ ಮುಗಿಯುವವರೆಗೆ ಕಾಯಬೇಡಿ. ಚಿತ್ರಕಾರರಿಗೆ ಚಿತ್ರದ ವಿವರವನ್ನು ಬಾಯಲ್ಲಿ ಹೇಳಬೇಡಿ, ಎಷ್ಟೇ ಸೊಟ್ಟಗಿದ್ದರೂ ನೀವೇ ಒಂದು ರೇಖಾಚಿತ್ರ ಬರೆದು ಕೊಡಿ. ಗಿಡದ ಚಿತ್ರದಲ್ಲಿ ಬಾಣದ ಗುರುತು ಉಲ್ಟಾ ಆದರೆ ಪಾಠವೇ ಉಲ್ಟಾ ಆಗುತ್ತದೆ.

ಕೊನೆಯ ಪ್ರೂಫ್ ಬಂದಾಗ ಕಣ್ಣಾಡಿಸಿ ಸಹಿ ಹಾಕಬೇಡಿ. ಪೆನ್ಸಿಲ್ ಹಿಡಿದು, ಪ್ರೂಫಿನಲ್ಲಿ ಇರುವುದನ್ನಷ್ಟೇ ನೋಡಿಕೊಂಡು, ಪ್ರತಿ ಅಭ್ಯಾಸವನ್ನೂ ಮಗುವಿನಂತೆ ಮಾಡಿ. ಉತ್ತರ ಪಟ್ಟಿಯ ಜೊತೆ ಹೋಲಿಸಿ. ‘ಚಿತ್ರ 3.4 ನೋಡಿ’ ಎಂದಿರುವ ಕಡೆ ಆ ಸಂಖ್ಯೆಯ ಚಿತ್ರ ಇದೆಯೇ ಎಂದು ಪುಟ ತಿರುಗಿಸಿ ನೋಡಿ. ಪುಸ್ತಕ ಅಚ್ಚಾಗಿ ಬಂದ ಮೇಲೆ ಒಂದು ಪ್ರತಿಯನ್ನು ಸ್ಟಾಫ್ ರೂಮಿನಲ್ಲೇ ಇಡಿ, ಜೊತೆಗೆ ಕೆಂಪು ಪೆನ್ನೂ ಇರಲಿ. ಪಾಠ ಮಾಡುವವರು, ಓದುವ ಮಕ್ಕಳು ಯಾರಿಗೆ ತಪ್ಪು ಕಂಡರೂ ಅದರಲ್ಲೇ ಗುರುತು ಹಾಕಲಿ. ಎರಡನೇ ಮುದ್ರಣದ ಹೊತ್ತಿಗೆ ಆ ಪ್ರತಿಯನ್ನೇ ಡಿಟಿಪಿಯವರ ಕೈಗೆ ಕೊಟ್ಟರೆ ಆಯಿತು.